ಮೇಜಿನ ಕೆಳಗೋ, ಮಂಚದ ಪಕ್ಕವೋ?

ಮಂಡ್ಯದ ಓದುಗರೊಬ್ಬರ ಪತ್ರ: "ಭೂಕಂಪವಾದರೆ ಮೇಜಿನ ಕೆಳಗೆ ಹೋಗಬೇಡಿ, ಮಂಚದ ಪಕ್ಕ ಮುದುರಿ ಮಲಗಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಮ್ಮದು ಮಣ್ಣಿನ ಗೋಡೆಯ ಹೆಂಚಿನ ಮನೆ. ಮಗ ಮೈಸೂರಿನಲ್ಲಿ, ಕೆಳಗೆ ಪಾರ್ಕಿಂಗ್ ಇರುವ ಫ್ಲ್ಯಾಟಿನಲ್ಲಿದ್ದಾನೆ. ನಾವೇನು ಮಾಡಬೇಕು?"

ಮಂಚದ ಮಾತು ಮೊದಲು ಬಿಡಿ ಸಾರ್. ಅದಕ್ಕೆ ಆಧಾರ ಅಂತ ತೋರಿಸುವುದು ಟರ್ಕಿಯ ಒಂದು ಪ್ರಯೋಗವನ್ನು. ಅಲ್ಲಿ ಯಂತ್ರದಿಂದ ಕಂಬಕ್ಕೆ ಗುದ್ದಿ ಕಟ್ಟಡ ಕೆಡವಿದ್ದರು. ನೆಲ ಅಲುಗಿರಲೇ ಇಲ್ಲ. ನಿಜವಾದ ಭೂಕಂಪದಲ್ಲಿ ಮಂಚವೂ ಬೀರುವೂ ಜಾಗ ಬಿಟ್ಟು ಓಡಾಡುತ್ತವೆ.

ಜೀವ ಉಳಿಯುವುದು ಕಟ್ಟಡ ಹೇಗೆ ಬೀಳುತ್ತದೆ ಎಂಬುದರ ಮೇಲೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಿಲ್ಲಾರಿಯಲ್ಲಿ ನಡುಗಿದ್ದು ಸುಮಾರು 6.2ರಷ್ಟು. ಭಾರೀ ಏನಲ್ಲ. ಆದರೆ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಜನ ಮಲಗಿದ್ದರು. ಇಂಥ ಮನೆ ಪುಡಿಯಾಗಿ ರಾಶಿ ಬೀಳುತ್ತದೆ, ಗಾಳಿಯಾಡುವ ಸಂದು ಉಳಿಯುವುದಿಲ್ಲ. ಧೂಳಿಗೇ ಉಸಿರುಕಟ್ಟುತ್ತದೆ. ಸತ್ತವರು ಸಾವಿರಾರು.

ಕಾಂಕ್ರೀಟ್ ಕಟ್ಟಡದಲ್ಲಿ ತಾರಸಿಗಳು ದೋಸೆ ಪೇರಿಸಿದ ಹಾಗೆ ಕೂತರೂ ಮುರಿದ ಪಿಲ್ಲರ್ ಪಕ್ಕ ಸಂದು ಸಿಗಬಹುದು. 2023ರಲ್ಲಿ ಟರ್ಕಿಯಲ್ಲಿ ವಾರ ಕಳೆದ ಮೇಲೂ ಕೆಲವರು ಬದುಕಿ ಸಿಕ್ಕಿದ್ದು ಹಾಗೆ. ಟಿವಿಯವರು ಅದನ್ನೇ ತೋರಿಸಿದರು. ಅಲ್ಲಿ ಮತ್ತು ಸಿರಿಯಾದಲ್ಲಿ ಸತ್ತವರು 50 ಸಾವಿರಕ್ಕೂ ಜಾಸ್ತಿ. ಬದುಕುವವರಲ್ಲಿ ಬಹುಪಾಲು ಜನರನ್ನು ಮೊದಲ ದಿನವೇ, ಅದೂ ಅಕ್ಕಪಕ್ಕದವರೇ ಎಳೆದು ತೆಗೆದಿರುತ್ತಾರೆ. ಆದರೆ ಗಂಟೆಗಟ್ಟಲೆ ಕಾಲು ಜಜ್ಜಿ ಸಿಕ್ಕಿಕೊಂಡವರ ಮೇಲಿನ ಭಾರ ಒಮ್ಮೆಲೇ ಎತ್ತಿದರೆ, ಜಜ್ಜಿದ ಮಾಂಸದ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಅದಕ್ಕೇ ಸಾಧ್ಯವಾದಲ್ಲಿ ಮೊದಲು ಡ್ರಿಪ್ ಹಾಕುತ್ತಾರೆ.

ನಿಮ್ಮ ಮಗನ ಫ್ಲ್ಯಾಟಿನ ಬಗ್ಗೆ ನನಗೆ ಜಾಸ್ತಿ ಯೋಚನೆ. ಮೇಲೆಲ್ಲ ಗೋಡೆ, ಕೆಳಗೆ ಬರೀ ಪಿಲ್ಲರ್. ಅಲುಗಾಟದ ಏಟೆಲ್ಲ ಆ ಪಿಲ್ಲರ್‌ಗಳಿಗೇ ಬೀಳುತ್ತದೆ. 2001ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥವೇ ಕುಸಿದವು. ಪಿಲ್ಲರ್ ಒಳಗಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ರಿಂಗ್‌ಗಳು ಹತ್ತಿರ ಹತ್ತಿರ ಇವೆಯೇ, ಅವುಗಳ ತುದಿ ಒಳಕ್ಕೆ ಬಾಗಿದೆಯೇ ಎಂದು ಬಿಲ್ಡರ್ ಹತ್ತಿರ ನಕ್ಷೆ ಕೇಳಿ, ಒಬ್ಬ ಇಂಜಿನಿಯರ್‌ಗೆ ತೋರಿಸಲಿ. ಮೈಸೂರು, ಮಂಡ್ಯದ ಕಡೆ ಭೂಕಂಪದ ಅಪಾಯ ಕಡಿಮೆ, ನಿಜ. ಆದರೆ 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬೀಳುವುದಕ್ಕೆ ಭೂಕಂಪವೇ ಬೇಕಾಗಲಿಲ್ಲ, ಅಲ್ವಾ?

ನಿಮ್ಮ ಹೆಂಚು ಹಗುರ, ಅದು ಒಳ್ಳೆಯದೇ. ಭಯ ಗೋಡೆಯದು. ಮುಂದೆ ರಿಪೇರಿ ಮಾಡಿಸಿದರೆ ಲಿಂಟಲ್ ಮಟ್ಟದಲ್ಲಿ, ಅಂದರೆ ಬಾಗಿಲು ಕಿಟಕಿಗಳ ನೆತ್ತಿಯ ಮೇಲೆ, ಮನೆಯ ಸುತ್ತ ಒಂದೇ ಪಟ್ಟಿಯಾಗಿ ಕಾಂಕ್ರೀಟ್ ಹಾಕಿಸಿ. ನಡುಗಿದಾಗ ಬಾಗಿಲು ನಾಲ್ಕು ಹೆಜ್ಜೆಯಲ್ಲಿದ್ದರೆ ಹೊರಗೆ ಬಯಲಿಗೆ ಬಂದುಬಿಡಿ, ಗೋಡೆಯ ಪಕ್ಕ ನಿಲ್ಲಬೇಡಿ. ಮಗ ಮೆಟ್ಟಿಲಿಗೆ ಓಡುವುದು ಬೇಡ. ಗಟ್ಟಿ ಮೇಜಿನ ಕೆಳಗೆ ಕೂತು, ಅದರ ಕಾಲು ಹಿಡಿದುಕೊಳ್ಳಲಿ.