ರೇಡಿಯೋ ಬೆಂಚು: ನಾಲ್ಕು ಚಾನೆಲ್ ಒಟ್ಟಿಗೆ ಸತ್ತರೆ

ಪ್ರಶ್ನೆ: ಹಳೆ ಸಾಮಾನಿನ ಸಂತೆಯಲ್ಲಿ 23 ಚಾನೆಲ್‌ನ ಸಿಬಿ ರೇಡಿಯೋ (ಸಿಟಿಜನ್ಸ್ ಬ್ಯಾಂಡ್, ಅಂದರೆ ಜನಸಾಮಾನ್ಯರು ಮಾತಾಡಿಕೊಳ್ಳುವ ರೇಡಿಯೋ) ಕೊಂಡೆ. 19ರಲ್ಲಿ ಲಾರಿ ಡ್ರೈವರ್‌ಗಳ ಮಾತು ಚೆನ್ನಾಗಿ ಕೇಳಿಸುತ್ತದೆ. ಆದರೆ 13ರಿಂದ 16ರವರೆಗೆ ಸದ್ದೇ ಇಲ್ಲ. ಸೆಟ್ ಪೂರ್ತಿ ಕೆಟ್ಟಿದೆಯಾ?
– ಓದುಗರೊಬ್ಬರು, ಕೊಲಂಬಸ್, ಓಹಾಯೋ

ಉತ್ತರ: ಖಂಡಿತ ಇಲ್ಲ. ಸಾಲಾಗಿ ನಾಲ್ಕೇ ಚಾನೆಲ್ ಹೋಗಿವೆ ಅಂದರೆ ಎಲ್ಲಿ ಹುಡುಕಬೇಕು ಅಂತ ರೇಡಿಯೋನೇ ಹೇಳುತ್ತಿದೆ.

ಅಮೆರಿಕದಲ್ಲಿ ಸಿಬಿಗೆ 40 ಚಾನೆಲ್ ಬಂದಿದ್ದು 1977ರ ಜನವರಿಯಲ್ಲಿ. ನಿಮ್ಮದು ಅದಕ್ಕಿಂತ ಹಿಂದಿನ ಕಾಲದ ಸೆಟ್. ಆಗ ಚಾನೆಲ್‌ಗೊಂದು ಕ್ರಿಸ್ಟಲ್ (ಆವರ್ತನ ನಿಗದಿ ಮಾಡುವ ಪುಟ್ಟ ಬಿಡಿಭಾಗ) ಹಾಕುವುದು ದುಬಾರಿ. ಅದಕ್ಕೇ ಆರು ಕ್ರಿಸ್ಟಲ್‌ನ ಒಂದು ಗುಂಪು, ನಾಲ್ಕರ ಇನ್ನೊಂದು ಗುಂಪು ಇಟ್ಟು ಎರಡರಿಂದಲೂ ಒಂದೊಂದನ್ನು ಬೆರೆಸಿ ಒಂದೊಂದು ಚಾನೆಲ್ ಮಾಡುತ್ತಿದ್ದರು. ಆರು ನಾಲ್ಕ್ಲ ಇಪ್ಪತ್ನಾಲ್ಕು, ಅಲ್ವಾ? ಅದರಲ್ಲಿ 23 ಬಳಕೆಗೆ. ಮಾತು ಕಳಿಸುವುದಕ್ಕೆ ಬೇರೆ ನಾಲ್ಕು. ಒಟ್ಟು 14 ಕ್ರಿಸ್ಟಲ್‌ನಲ್ಲಿ ಕೆಲಸ ಮುಗಿಯಿತು. ಈ ಜಾಣತನ ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ.

ಆರರ ಗುಂಪಿನಲ್ಲಿ ಒಂದು ಸತ್ತರೆ ಸಾಲಾಗಿ ನಾಲ್ಕು ಚಾನೆಲ್ ಹೋಗುತ್ತವೆ. ನಾಲ್ಕರ ಗುಂಪಿನದ್ದಾದರೆ 1, 5, 9 ಹೀಗೆ ನಾಲ್ಕಕ್ಕೊಂದು. ನಾಲ್ಕಕ್ಕೊಂದು ಚಾನೆಲ್‌ನಲ್ಲಿ ಕೇಳಿಸುತ್ತದೆ, ಮಾತು ಮಾತ್ರ ಹೋಗುವುದಿಲ್ಲ ಅಂದರೆ ಕಳಿಸುವ ಕಡೆಯ ಕ್ರಿಸ್ಟಲ್.

ನಿಮ್ಮಲ್ಲಿ ಅನುಮಾನ ಆರರಲ್ಲಿ ನಾಲ್ಕನೆಯದರ ಮೇಲೆ. ಬಹಳಷ್ಟು ಸೆಟ್‌ಗಳಲ್ಲಿ ಅದರ ಮೇಲೆ 37.750 (ಮೆಗಾಹರ್ಟ್ಸ್) ಅಂತ ಬರೆದಿರುತ್ತದೆ. ಆದರೆ ಹೊಸದನ್ನು ಹುಡುಕಿಕೊಂಡು ಹೋಗುವ ಮುಂಚೆ ಚಾನೆಲ್ ಸ್ವಿಚ್ ನೋಡಿ. ಇಷ್ಟು ವರ್ಷಕ್ಕೆ ಅದರ ಕಾಂಟ್ಯಾಕ್ಟ್‌ಗಳು ಕಪ್ಪಾಗಿರುತ್ತವೆ. ಕ್ಲೀನರ್ ಸ್ವಲ್ಪವೇ ಸಿಂಪಡಿಸಿ, ಗುಂಡಿಯನ್ನು ಹತ್ತಾರು ಸಲ ತಿರುಗಿಸಿ. ಆಮೇಲೆ ಕ್ರಿಸ್ಟಲ್ ಕಾಲಿನ ಬೆಸುಗೆ ಮತ್ತೆ ಕಾಯಿಸಿ. ಅದಕ್ಕೂ ಬಗ್ಗದಿದ್ದರೆ ಪಕ್ಕದ 37.800ರ ಜೊತೆ ಅದಲುಬದಲು ಮಾಡಿ. 13–16 ಮಾತಾಡಿ 17–20 ಸುಮ್ಮನಾದರೆ ಕಳ್ಳ ಸಿಕ್ಕ ಹಾಗೆ. ಈ ಪರೀಕ್ಷೆಯಲ್ಲಿ ಮೈಕ್ ಒತ್ತಬೇಡಿ, ಬರೀ ಕೇಳಿ.

ಪ್ರಶ್ನೆ: ಒಳಗಿನ ಕಾಯಿಲ್ ತಿರುಗಿಸಿದರೆ ಪವರ್ ಜಾಸ್ತಿ ಆಗುತ್ತಂತೆ, ನಿಜವಾ?

ಉತ್ತರ: ದಯವಿಟ್ಟು ಮುಟ್ಟಬೇಡಿ. ಕಾಯಿಲ್ ಒಳಗಿನ ಫೆರೈಟ್ ತುಂಡು ಲೋಹದ ಸ್ಕ್ರೂಡ್ರೈವರ್‌ಗೆ ಸೀಳುತ್ತದೆ. ಹೀಗೆ ಹಾಳಾದ ಒಳ್ಳೊಳ್ಳೆ ಸೆಟ್ ಕಂಡಾಗ ಸಂಕಟವಾಗುತ್ತದೆ. ಅಮೆರಿಕದಲ್ಲಿ ಸಿಬಿಯ ಎಎಂ ಮಾತಿಗೆ ಮಿತಿಯೇ 4 ವ್ಯಾಟ್. ಅದನ್ನು ಎರಡರಷ್ಟು ಮಾಡಿದರೂ ಕೇಳುವವರ ಮೀಟರ್‌ನಲ್ಲಿ ಏರುವುದು ಅರ್ಧ ಎಸ್-ಅಂಕ (ಸಿಗ್ನಲ್ ಬಲದ ಅಳತೆ) ಅಷ್ಟೇ. ಆ ಶ್ರಮ ಆಂಟೆನಾಗೆ ಹಾಕಿ. ತರಂಗದ ಉದ್ದದ ಕಾಲು ಭಾಗದ ಪೂರ್ತಿ ಕಡ್ಡಿ ಸುಮಾರು 2.7 ಮೀಟರ್. 1 ಮತ್ತು 23 ಎರಡರಲ್ಲೂ ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್‌ಗೆ ಎಷ್ಟು ಹೊಂದಿದೆ ಅನ್ನುವ ಅಳತೆ) 2ರ ಒಳಗಿರಲಿ.

ಪ್ರಶ್ನೆ: ಇದನ್ನು ಮೈಸೂರಿನ ಮನೆಗೆ ತರಬಹುದಾ?

ಉತ್ತರ: ಭಾರತದಲ್ಲಿ ಲೈಸೆನ್ಸ್ ಬೇಡದ ಸಿಬಿ ಪಟ್ಟಿ 26.957ರಿಂದ 27.283 ಮೆಗಾಹರ್ಟ್ಸ್, 5 ವ್ಯಾಟ್‌ವರೆಗೆ. ನಿಮ್ಮ 23 ಚಾನೆಲ್ ಅದರೊಳಗೆ ಕೂರುತ್ತವೆ, 40ರ ಸೆಟ್‌ನ ಮೇಲಿನ ಚಾನೆಲ್‌ಗಳು ಕೂರುವುದಿಲ್ಲ. ಆದರೂ ಆಮದು, ಆಂಟೆನಾ ನಿಯಮಗಳನ್ನು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಲ್ಲಿ ಮೊದಲೇ ವಿಚಾರಿಸಿ.