ವ್ಯಾನ್ ಕಂಡರೆ ನಡುಗುವ ಚಿನ್ನಿ

ಪ್ರಶ್ನೆ: ಡಾಕ್ಟ್ರೇ, ಎರಡು ತಿಂಗಳ ಹಿಂದೆ ಆಶ್ರಯ ಕೇಂದ್ರವೊಂದರಿಂದ ಮೂರು ವರ್ಷದ ನಾಡತಳಿ ಹೆಣ್ಣುನಾಯಿಯನ್ನು ದತ್ತು ತಂದೆವು. ಚಿನ್ನಿ ಅಂತ ಹೆಸರು. ಮನೆಯಲ್ಲಿ ಬಲು ಸಾಧು. ಆದರೆ ನಮ್ಮ ಈಕೋ ವ್ಯಾನ್ ಹತ್ತಿರ ಹೋದರೆ ಬಾಲ ಮುದುರಿ ನಡುಗುತ್ತಾಳೆ. ಎತ್ತಿ ಕೂರಿಸಿದರೆ ಜೊಲ್ಲು, ಆಮೇಲೆ ವಾಂತಿ. ಡಿಸೆಂಬರ್ ಕೊನೆಗೆ ಸಕಲೇಶಪುರದ ಹೋಂಸ್ಟೇಗೆ ಹೊರಟಿದ್ದೇವೆ. ನಿದ್ದೆ ಮಾತ್ರೆ ಕೊಟ್ಟು ಕರೆದೊಯ್ಯಬಹುದೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ಚಿನ್ನಿಯ ಕಿವಿ ನೋಡಿ. ಕಿವಿಯಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ, ಅವಳನ್ನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬೀದಿಯಿಂದ ಹಿಡಿದೊಯ್ದಿದ್ದರು ಎಂದು ಲೆಕ್ಕ. ಹಿಡಿದ ನಾಯಿಗಳನ್ನು ಸಾಗಿಸುವುದು ವ್ಯಾನಿನಲ್ಲೇ. ನೀವು ಪ್ರವಾಸಕ್ಕೆಂದು ಬಾಗಿಲು ಸರಿಸಿದಾಗ ಅವಳಿಗೆ ನೆನಪಾಗುವುದು ಬಹುಶಃ ಆ ಗಾಡಿ.

ಜೊಲ್ಲು ಯಾವಾಗ ಶುರುವಾಗುತ್ತದೆ, ಗಮನಿಸಿ. ಎಂಜಿನ್ ಚಾಲೂ ಆಗುವ ಮೊದಲೇ ಸುರಿದರೆ ಅದು ಭಯ. ಗಾಡಿ ಓಡತೊಡಗಿ, ನಾಲ್ಕು ತಿರುವು ದಾಟಿದ ಮೇಲೆ ಶುರುವಾದರೆ ಒಳಕಿವಿಯ ಸಮತೋಲನ ತಪ್ಪಿ ಬರುವ ವಾಕರಿಕೆ. ನೀವು ಬರೆದದ್ದು ನೋಡಿದರೆ ಚಿನ್ನಿಯದು ಮೊದಲನೆಯದೇ. ಜೊತೆಗೆ ಎರಡನೆಯದೂ ಇರಬಹುದು. ವಾಕರಿಕೆಗೆ ಮ್ಯಾರೊಪಿಟಂಟ್ ಎಂಬ ಒಳ್ಳೆಯ ಔಷಧ ಇದೆ, ಪಶುವೈದ್ಯರು ಬರೆದುಕೊಡುತ್ತಾರೆ. ಭಯಕ್ಕೆ ಅದು ನಾಟುವುದಿಲ್ಲ.

ನಿದ್ದೆ ಮಾತ್ರೆ ಬೇಡ. ಅಸೆಪ್ರೊಮಜಿನ್‌ನಂಥ ಮಂಪರು ಔಷಧದಿಂದ ಮೈ ಸೋಲುತ್ತದೆಯೇ ಹೊರತು ಹೆದರಿಕೆ ಇಳಿಯುವುದಿಲ್ಲ. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಅರ್ಧ ಮುರಿದು ಕೊಡುವವರಿದ್ದಾರೆ, ಆ ಸಾಹಸವಂತೂ ಬೇಡವೇ ಬೇಡ. ಭಯ ತಗ್ಗಿಸುವ ಔಷಧಗಳೇ ಬೇರೆ. ತೂಕ, ಆರೋಗ್ಯ ನೋಡಿ ನಿಮ್ಮ ಡಾಕ್ಟರೇ ಬರೆಯಬೇಕು. ಹೊರಡುವ ಮುಂಚೆ ಮನೆಯಲ್ಲಿ ಒಮ್ಮೆ ಕೊಟ್ಟು ನೋಡಲೂಬೇಕು.

ಅದಕ್ಕಿಂತ ಮುಖ್ಯವಾದ ಕೆಲಸ ನಿಮ್ಮ ಗೇಟಿನೊಳಗಿದೆ. ವ್ಯಾನ್ ನಿಲ್ಲಿಸಿ, ಎರಡೂ ಬದಿಯ ಬಾಗಿಲು ತೆರೆದು, ಅವಳು ನಡುಗದಷ್ಟು ದೂರದಲ್ಲಿ ಊಟದ ತಟ್ಟೆ ಇಡಿ. ದಿನಾ ಒಂದಡಿ ಹತ್ತಿರ ತನ್ನಿ, ಹಿಂಜರಿದರೆ ಮತ್ತೆ ದೂರ ಸರಿಸಿ. ಒಳಗೆ ಅವಳದೇ ಹಾಸಿಗೆ ಹಾಕಿ, ಒಗೆಯದೆ. ತಾನಾಗಿ ಹತ್ತುವವರೆಗೆ ಎತ್ತಬೇಡಿ. ಎಲ್ಲರೂ ಎಡವುವುದು ಇಲ್ಲೇ: ಒಂದು ವಾರ ಕಾದು, ಮುಂಗಾಲು ಇಟ್ಟಳೆಂಬ ಖುಷಿಗೆ ಹಿಂದಿನಿಂದ ತಳ್ಳುತ್ತಾರೆ, ಮಾಡಿದ್ದೆಲ್ಲ ನೀರುಪಾಲು. ಒಳಗೆ ಕೂತು ನೆಮ್ಮದಿಯಾಗಿ ತಿಂದ ಮೇಲೆ ಎಂಜಿನ್ ಸದ್ದು, ಆಮೇಲೆ ಬೀದಿ ಸುತ್ತು, ಆಮೇಲೆ ಭಾನುವಾರ ಬೆಳಗಿನ ಖಾಲಿ ಮಾಗಡಿ ರಸ್ತೆ. ಪ್ರತಿ ಸವಾರಿಯೂ ಆಸ್ಪತ್ರೆಯಲ್ಲೇ ಮುಗಿಯಬಾರದು. ಮೂಸಿ ನೋಡಲು ಹುಲ್ಲಿರುವ ಕಡೆ ಇಳಿಸಿ.

ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಶಿರಾಡಿ ಘಾಟಿ ಶುರುವಾಗುವುದು ಆ ಊರು ದಾಟಿದ ಮೇಲೆ, ಹಾಗಾಗಿ ತಿರುವುಗಳ ಕಾಟ ಕಡಿಮೆ. ಹೊರಡುವ ನಾಲ್ಕೈದು ಗಂಟೆ ಮೊದಲೇ ಊಟ ಮುಗಿದಿರಲಿ, ನೀರು ಮಾತ್ರ ಕೊಡುತ್ತಿರಿ. ಎದೆಪಟ್ಟಿ ಹಾಕಿ ಅದನ್ನು ಹಿಂದಿನ ಸೀಟ್ ಬೆಲ್ಟಿಗೆ ಸಿಕ್ಕಿಸಿ. ಕತ್ತಿನ ಬೆಲ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕುತ್ತಿಗೆಗೇ ಪೆಟ್ಟು. ಹೊಸ ನಾಯಿಗಳು ತಪ್ಪಿಸಿಕೊಳ್ಳುವುದು ಬಾಗಿಲು ಸರಿಸಿದ ಆ ಒಂದು ಕ್ಷಣದಲ್ಲಿ. ಒಳಗಿರುವವರು ಹಗ್ಗ ಸಿಕ್ಕಿಸಿ ಕೈಗೆ ಸುತ್ತಿಕೊಂಡು 'ಹ್ಞೂಂ' ಅನ್ನುವವರೆಗೆ ಹೊರಗಿನವರು ಬಾಗಿಲು ಮುಟ್ಟಕೂಡದು. ಕತ್ತಿನ ಬಿಲ್ಲೆಯ ಮೇಲೆ ನಿಮ್ಮ ಫೋನ್ ನಂಬರ್ ಕೆತ್ತಿಸಿರಿ.

ತಿಂಡಿಗೆ ನಿಲ್ಲಿಸಿದಾಗ ಅವಳನ್ನು ಒಳಗೆ ಬಿಟ್ಟು ಎಲ್ಲರೂ ಇಳಿಯಬೇಡಿ. ಹೊರಗೆ 24 ಡಿಗ್ರಿಯಿದ್ದರೂ ಬಿಸಿಲಿಗೆ ನಿಂತ ಮುಚ್ಚಿದ ಗಾಡಿಯೊಳಗೆ ಹತ್ತೇ ನಿಮಿಷಕ್ಕೆ 34ರ ಆಸುಪಾಸು ತಲುಪುತ್ತದೆ. ಇನ್ನು ಮಸಾಲೆ ದೋಸೆಯ ಪಲ್ಯದಲ್ಲಿ ಈರುಳ್ಳಿ, ಕೇಸರಿಬಾತಿನಲ್ಲಿ ಒಣದ್ರಾಕ್ಷಿ: ಎರಡೂ ನಾಯಿಗೆ ವಿಷ. ಬರಿ ಇಡ್ಲಿಯ ಚೂರು ಕೊಟ್ಟರೆ ತೊಂದರೆಯಿಲ್ಲ.

ಕಾಡಂಚಿನಲ್ಲಿ ಉಣುಗಿನ ಕಾಟವಿದೆ. ಹೊರಡುವ ಮೊದಲೇ ಅದಕ್ಕೆ ಮಾತ್ರೆಯನ್ನೋ ಬೆನ್ನಿಗೆ ಬಿಡುವ ಔಷಧವನ್ನೋ ಕೊಡಿಸಿ. ರೇಬೀಸ್ ಲಸಿಕೆಯ ಅವಧಿಯನ್ನೂ ನೋಡಿಕೊಳ್ಳಿ. ಸಂಜೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಕೈಯಾಡಿಸಿ ನೋಡಿ. ಹೋಂಸ್ಟೇಯವರಿಗೆ ಫೋನ್ ಮಾಡಿದಾಗ 'ನಾಯಿ ತರಬಹುದಾ' ಎಂದಷ್ಟೇ ಕೇಳಿ ಇಡಬೇಡಿ, 'ನಿಮ್ಮಲ್ಲಿ ಎಷ್ಟು ನಾಯಿಗಳಿವೆ, ಬಿಟ್ಟಿರುತ್ತೀರಾ' ಎಂದೂ ಕೇಳಿ. ತೋಟ ಕಾಯುವ ನಾಯಿಗಳು ಹೊಸಬಳನ್ನು ಅಂಗಳಕ್ಕೆ ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ. ಮೊದಲ ಭೇಟಿ ಗೇಟಿನ ಹೊರಗೆ, ಎರಡೂ ಕಡೆಯವು ಹಗ್ಗದಲ್ಲಿರುವಾಗ ಆಗಲಿ.