ಹೆದರಿಸುವ ಗೆಳೆಯ, ಗಿಡ ನೆಡುವ ಗೆಳತಿ

ಪ್ರಶ್ನೆ: ನಾವು ಮೂವರು ಒಂದನೇ ಕ್ಲಾಸಿನಿಂದ ಜೊತೆಗಿದ್ದವರು. ರಜಾದಿನಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ಹವಾಮಾನ ಬದಲಾವಣೆಯ ಪಾಠ ಮಾಡುತ್ತೇವೆ. ಹೆದರಿಸಿದರೇನೇ ಮಕ್ಕಳ ತಲೆಗೆ ಹೋಗೋದು ಅನ್ನುತ್ತಾನೆ ಗೆಳೆಯ. ಗಿಡ ನೆಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾಳೆ ಗೆಳತಿ. ಹೋದ ಸಲ ಕ್ಲಾಸಿನಲ್ಲೇ ಇಬ್ಬರಿಗೂ ಮಾತು ಬೆಳೆಯಿತು. ಅಷ್ಟರಲ್ಲಿ ಒಬ್ಬ ಹುಡುಗ, ‘ಹಿಮಯುಗ ತಾನಾಗೇ ಬಂದು ಹೋಯಿತಲ್ವಾ, ಇದು ಮಾತ್ರ ನಮ್ಮ ತಪ್ಪು ಹೇಗೆ?’ ಅಂದ. ನಾವು ಮುಖ ಮುಖ ನೋಡಿಕೊಂಡೆವು. ಏನು ಮಾಡೋಣ?

ಉತ್ತರ: ಆ ಹುಡುಗನಿಂದಲೇ ಶುರು ಮಾಡೋಣ. ಅವನದು ತರಲೆ ಪ್ರಶ್ನೆಯಲ್ಲ. ಭೂಮಿ ಸೂರ್ಯನನ್ನು ಸುತ್ತುವ ದಾರಿ, ಭೂಮಿಯ ವಾಲಿಕೆ ಎರಡೂ ಬಹಳ ನಿಧಾನವಾಗಿ ಬದಲಾಗುತ್ತವೆ. ಹಿಮಯುಗಗಳು ಬಂದು ಹೋಗಿದ್ದು ಹಾಗೆ, ಸಾವಿರಾರು ವರ್ಷ ತೆಗೆದುಕೊಂಡು. ಈಗಿನದ್ದು ಹೆಚ್ಚುಕಡಿಮೆ ನೂರೈವತ್ತು ವರ್ಷದ ಕಥೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಇತ್ತು. ನಾವು ಕಲ್ಲಿದ್ದಲು, ಎಣ್ಣೆ ಸುಟ್ಟು ಸುಟ್ಟು ಈಗ 420 ದಾಟಿದೆ, ಈ ಅನಿಲ ಬಿಸಿಯನ್ನು ಹಿಡಿದಿಡುತ್ತದೆ. ಸೂರ್ಯನೇ ಕಾರಣ ಆಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆಗಿದ್ದು ಉಲ್ಟಾ. ಕೆಳಗೆ ಬಿಸಿ ಏರುತ್ತಿದ್ದರೆ, ಮೇಲೆ ಸ್ಟ್ರಾಟೋಸ್ಫಿಯರ್ ಅನ್ನುವ ಆ ಪದರ ತಣ್ಣಗಾಗುತ್ತಿದೆ.

ಇನ್ನು ನಿಮ್ಮ ಜಗಳ. ಇಬ್ಬರದೂ ಅರ್ಧ ಸತ್ಯ. ಗಿಡ ದೊಡ್ಡದಾಗಲು ಹತ್ತಾರು ವರ್ಷ ಬೇಕು, ಸುಟ್ಟರೆ ಅಥವಾ ಕೊಳೆತರೆ ಹಿಡಿದಿಟ್ಟ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ನೆಡಲಿ, ಬೇಡ ಅಂತಲ್ಲ. ಆದರೆ ಕಲ್ಲಿದ್ದಲು, ಎಣ್ಣೆ ಸುಡೋದು ಕಡಿಮೆಯಾಗದೆ ಅದೊಂದರಿಂದ ಲೆಕ್ಕ ಸರಿಹೋಗೋದಿಲ್ಲ. ‘ಎಲ್ಲ ಮುಗೀತು’ ಅಂತ ಹೆದರಿಸೋದೂ ತಪ್ಪೇ. ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಡೆದರೂ ಅಷ್ಟು ಹಾನಿ ತಪ್ಪುತ್ತದೆ.

ಇಬ್ಬರನ್ನೂ ಸುಮ್ಮನಿರಿಸಲು ಎರಡು ಗಾಜಿನ ಲೋಟ ಸಾಕು. ಒಂದರಲ್ಲಿ ನೀರು ಹಾಕಿ ಐಸ್ ತೇಲಿಬಿಡಿ. ಇನ್ನೊಂದರಲ್ಲಿ ನೀರಿನಿಂದ ಮೇಲೆ ತಲೆ ಎತ್ತಿರುವ ಕಲ್ಲೊಂದನ್ನು ಇಟ್ಟು, ಐಸನ್ನು ಅದರ ಮೇಲೆ ಕೂರಿಸಿ. ಎರಡರಲ್ಲೂ ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ. ಯಾವುದರಲ್ಲಿ ನೀರು ಏರುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ಎರಡರಲ್ಲೂ ಅನ್ನುವವರೇ ಜಾಸ್ತಿ. ಐಸ್ ಕರಗುವವರೆಗೆ ಮೂವರೂ ಬಾಯಿ ಮುಚ್ಚಿಕೊಂಡಿರಿ; ಕಷ್ಟದ ಭಾಗ ಇದೇ! ಮೊದಲ ಲೋಟದಲ್ಲಿ ಗೆರೆ ಕದಲಿರುವುದಿಲ್ಲ. ಎರಡನೆಯದರಲ್ಲಿ ನೀರು ಗೆರೆ ದಾಟಿರುತ್ತದೆ. ಆರ್ಕ್ಟಿಕ್ ಸಮುದ್ರದಲ್ಲಿ ತೇಲುವ ಹಿಮಕ್ಕೂ ಗ್ರೀನ್‌ಲ್ಯಾಂಡ್ ನೆಲದ ಮೇಲೆ ಕೂತ ಹಿಮಕ್ಕೂ ಏನು ವ್ಯತ್ಯಾಸ ಅಂತ ಆಮೇಲೆ ಮಕ್ಕಳೇ ಹೇಳುತ್ತಾರೆ.

ವಿನೆಗರ್, ಅಡುಗೆ ಸೋಡಾ ಬೆರೆಸಿ ಬಾಟಲಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ, ದೀಪದ ಕೆಳಗಿಟ್ಟು ಥರ್ಮಾಮೀಟರ್ ನೋಡುವ ಪ್ರಯೋಗ ಇದೆಯಲ್ಲ, ಅದನ್ನು ಮಾತ್ರ ಬಿಡಿ. ನಾನೂ ವರ್ಷಗಟ್ಟಲೆ ಖುಷಿಯಿಂದ ಮಾಡಿಸಿದವನೇ. ಹಸಿರುಮನೆ ಅನಿಲವೇ ಅಲ್ಲದ, ಅಂದರೆ ಬಿಸಿಯನ್ನು ಹಿಡಿದಿಡದ ಆರ್ಗಾನ್ ಅನ್ನುವ ಅನಿಲ ತುಂಬಿದರೂ ಅಷ್ಟೇ ಬಿಸಿಯಾಗುತ್ತದೆ ಅಂತ ಆಮೇಲೆ ತಿಳಿಯಿತು. ಭಾರದ ಗ್ಯಾಸ್ ಸುತ್ತಲಿನ ಗಾಳಿಯೊಂದಿಗೆ ಸರಿಯಾಗಿ ಬೆರೆಯೋದಿಲ್ಲ, ಅಲ್ಲಿ ನಡೆಯೋದು ಅಷ್ಟೇ.

ಹಳೇ ಗೆಳೆಯರಿಗೆ ಒಂದು ತೊಂದರೆ ಇರುತ್ತದೆ. ಅರ್ಧ ಮಾತಿಗೇ ಒಬ್ಬರಿಗೊಬ್ಬರು ಅರ್ಥವಾಗಿಬಿಡುತ್ತಾರೆ, ಹಾಗಾಗಿ ತಯಾರಿ ಬೇಕು ಅನ್ನಿಸೋದೇ ಇಲ್ಲ. ಉಳಿದ ಅರ್ಧ ಮಾತು ಮಕ್ಕಳಿಗೆ ಸಿಗಬೇಕಲ್ವಾ? ಕ್ಲಾಸಿನ ಹಿಂದಿನ ಸಂಜೆ ಒಬ್ಬರು ಪಾಠ ಮಾಡಿ, ಇಬ್ಬರು ಹಿಂದಿನ ಬೆಂಚಿನ ಹುಡುಗರಾಗಿ ಕಾಡಿ. ಎಷ್ಟು ಬೇಕಾದರೂ ಕಿತ್ತಾಡಿ, ಅಲ್ಲಿ ಮಕ್ಕಳಿರೋದಿಲ್ಲ. ಉತ್ತರ ಸಿಗದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ‘ನನಗೆ ಗೊತ್ತಿಲ್ಲ, ಮುಂದಿನ ವಾರ ನೋಡಿಕೊಂಡು ಬಂದು ಹೇಳ್ತೀನಿ’ ಅನ್ನೋದನ್ನೂ ಜೋರಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಮುಂದಿನ ಕ್ಲಾಸಿನಲ್ಲಿ ಮೊದಲು ಆ ಹುಡುಗನಿಗೆ ಉತ್ತರ ಕೊಡಿ. ಆ ಕೆಲಸ ಹೆದರಿಸುವ ಗೆಳೆಯನಿಗಿರಲಿ. ಲೋಟದ ಪ್ರಯೋಗ ಗೆಳತಿಗೆ.